ಅಣ್ಣನ ಬಹುವಚನ

ಇಂದ್ರೇಶ ನನ್ನ ಜೊತೆ ನಮ್ಮೂರು ಗಂಡಸಿಯ ಶಾಲೆಗೆ ಹೋದವನು. ಇಪ್ಪತ್ತರಲ್ಲಿ ಕೊಬ್ಬರಿ ವ್ಯಾಪಾರಕ್ಕೆಂದು ಕಾನ್ಪುರ ಸೇರಿದ. ಇಪ್ಪತ್ತನಾಲ್ಕು ವರ್ಷ ಅಲ್ಲೇ ಕಳೆದು, ಹೋದ ಯುಗಾದಿಗೆ ಹೆಂಡತಿ ಅರುಣಾ, ಮಗಳು ಮೇಘಶ್ರೀ ಸಮೇತ ಊರಿಗೇ ಬಂದುಬಿಟ್ಟ. ಇನ್ನು ಸಾಯುವ ತನಕ ಇಲ್ಲೇ ಎಂದು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಸಾರಿದ, ಯಾರೂ ಕೇಳದಿದ್ದರೂ.

ಅವನ ಅಣ್ಣ ಕರಿಬಸವಯ್ಯ ಬಾಗಿಲಲ್ಲೇ ನಿಂತು, "ಬನ್ನಿ, ಬನ್ನಿ, ಕುಂತ್ಕಳಿ" ಎಂದರು. ಮೂವರಿಗೂ ಸೇರಿಸಿ ಹೇಳಿದ್ದು ಎಂದುಕೊಂಡ ಇಂದ್ರೇಶ. ಮಾರನೆಯ ದಿನ ಒಬ್ಬನೇ ಇದ್ದಾಗಲೂ "ಕಾಫಿ ಕುಡಿದ್ರಾ?" ಎಂದಾಗ ಬೆನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. ಚಿಕ್ಕಂದಿನಲ್ಲಿ "ಏನ್ಲಾ, ಬಾರ್ಲಾ" ಬಿಟ್ಟು ಬೇರೆ ಮಾತೇ ಆಡದ ಅಣ್ಣ! ಇದು ಮರ್ಯಾದೆಯೋ, ನೆಂಟನಿಗೆ ಮಾಡುವ ಉಪಚಾರವೋ? ತನ್ನನ್ನು ಈ ಮನೆಯವನೆಂದು ಎಣಿಸಿದ್ದಾನೋ ಇಲ್ಲವೋ? ಕಾನ್ಪುರದಲ್ಲೇ ಹುಟ್ಟಿದ ಮೇಘಶ್ರೀಗೆ ಮಾತ್ರ "ಬಾರೇ ಇಲ್ಲಿ, ಮೂದೇವಿ" ಎಂದು ಧಾರಾಳವಾಗಿ ಬೈಗುಳ. ಇಂದ್ರೇಶನಿಗೆ ಹೆತ್ತ ಮಗಳ ಮೇಲೇ ಹೊಟ್ಟೆಕಿಚ್ಚು.

"ಮರ್ಯಾದೆ ಕೊಟ್ರೂ ನಿಮಗೆ ಕಷ್ಟ ಕಣ್ರೀ," ಎಂದಳು ಅರುಣಾ.

ಬೈಸಿಕೊಳ್ಳಲೆಂದೇ ಏನೇನೋ ಮಾಡಿದ. ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ಬಿಟ್ಟಿದ್ದ ಕಾಯಿಗಳನ್ನು, ಒಳಗಿನ ನೀರು ಇಂಗುವ ಮೊದಲೇ ಇಳಿಸಿ ಒಂದು ಗುಡ್ಡೆ ಒಡೆದುಹಾಕಿದ. ಇದನ್ನೂ ಬೇಕೆಂದೇ ಮಾಡಿದನೋ, ಕೊಬ್ಬರಿ ಮಾಡುವ ಕಸುಬನ್ನೇ ನಿಜವಾಗಿಯೂ ಮರೆತಿದ್ದನೋ ನನಗಂತೂ ಗೊತ್ತಿಲ್ಲ. ಕರಿಬಸವಯ್ಯ ನೋಡಿದರು. "ಪರವಾಗಿಲ್ಲ, ಬಿಡಿ" ಎಂದರು.

ಇಂದ್ರೇಶನಿಗೆ ತಡೆಯಲಾಗಲಿಲ್ಲ. "ಅಣ್ಣಾ, ನೀವು ನನ್ನ ಯಾಕೆ ಹೊರಗಿನವನ ಥರ ಮಾತಾಡಿಸ್ತೀರಿ?"

ಕರಿಬಸವಯ್ಯ ಒಡೆದ ಕಾಯಿಗಳನ್ನೇ ನೋಡುತ್ತ ಹೇಳಿದರು: "ಶುರು ಮಾಡಿದ್ದು ನೀವೇ ಅಲ್ವಾ? ಮೊದ್ಲೆಲ್ಲ 'ಅಣ್ಣಾ, ನೀನು' ಅಂತಿದ್ರಿ. ಆ ಊರಿಗೆ ಹೋಗಿ ವರ್ಷ ತುಂಬಿರಲಿಲ್ಲ, ಫೋನಲ್ಲಿ ಬರೀ 'ನೀವು, ನೀವು'. ಓಹೋ, ನಾನು ದೂರದವನಾದೆ ಅಂದ್ಕಂಡೆ. ಫೋನಲ್ಲಿ ಸುಮ್ನಿದ್ದೆ, ನೀವು ಮನೆಗೇ ಬಂದ್ಮ್ಯಾಕೆ ನಾನೂ ಅಂಗೇ ಅಂದೆ."

ಹಿಂದಿಯಲ್ಲಿ ಎಲ್ಲರಿಗೂ "ಆಪ್, ಆಪ್" ಎನ್ನುತ್ತ ಕನ್ನಡದ ನಾಲಿಗೆಯೂ ಹಾಗೇ ತಿರುಗಿಹೋದದ್ದು ಇಂದ್ರೇಶನಿಗೇ ತಿಳಿದಿರಲಿಲ್ಲ. ಅಣ್ಣನ ಎರಡೂ ಕೈ ಹಿಡಿದುಕೊಂಡ.

"ತಪ್ಪಾಯ್ತು ಅಣ್ಣಾ. ಇನ್ಮೇಲೆ ನೀವು..."

ಕರಿಬಸವಯ್ಯ ಕೈ ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಕಾದರು.

"ಊಟಕ್ಕೆ ಏಳಿ," ಎಂದರು.