ಆಯಿ ಓದಿದ ಗೊರಸಿನ ಗುರುತು

ಬೆಳಿಗ್ಗೆ ಹುಮನಾಬಾದಿನ ನಮ್ಮ ಮನೆಯ ಮುಂದೆ ಕುರಿಹಿಂಡೊಂದು ಹಾದುಹೋಯಿತು. ಹಸಿ ಮಣ್ಣಿನಲ್ಲಿ ಮೂಡಿದ ಗೊರಸಿನ ಗುರುತುಗಳನ್ನು ನೋಡುತ್ತ ನಿಂತವಳಿಗೆ ನಾರಾಯಣಪುರದ ಆಯಿ, ಅಂದರೆ ಅಪ್ಪನ ತಾಯಿ, ನೆನಪಾದಳು.

ನಾನು ಚಿಕ್ಕವಳಿದ್ದಾಗ ಒಮ್ಮೆ ಯಾರದೋ ಕುರಿಗಳು ನಮ್ಮ ತೊಗರಿ ಹೊಲಕ್ಕೆ ನುಗ್ಗಿ ಗಿಡಗಳನ್ನೆಲ್ಲ ಮುರಿದುಹಾಕಿದ್ದವು. ಕಾಕಾ, ಅಂದರೆ ಅಪ್ಪನ ತಮ್ಮ, ಕುರಿಗಾರನನ್ನು ಹೊಡೆಯಲೆಂದೇ ಬಡಿಗೆ ಹಿಡಿದು ಹೊರಟಿದ್ದ. ಆಯಿಗೇನು ಸಿಟ್ಟು ಕಡಿಮೆ ಇರಲಿಲ್ಲ. ಎಲೆಅಡಿಕೆ ತುಂಬಿದ ಬಾಯಿ ಗಡಗಡ ನಡುಗುತ್ತಿತ್ತು. ಆದರೂ ಕಾಕಾನ ರಟ್ಟೆ ಹಿಡಿದು, "ತಡಿಯಪ್ಪ, ಏನಾಗ್ಯಾದಂತ ಮೊದ್ಲ ನೋಡೂಣು" ಎಂದಳು.

ಸೀರೆ ಎತ್ತಿ ಕಟ್ಟಿ ಕರಿಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಗುರುತಿನ ಮೇಲೆ ಬೆರಳಾಡಿಸಿದಳು.

"ಗೊರಸು ಅಗಲಾಗಿ ಆಳಕ್ಕ ಇಳದಾವ. ಒಂದು ಚಿಗುರೂ ಕಡಿದಿಲ್ಲ. ಇವು ಮೇಯಾಕ ಬಂದಿಲ್ಲ, ಅಂಜಿ ಓಡ್ಯಾವ. ಹಿಂದ ತೋಳದ ಪಂಜಾದ ಗುರ್ತು ಅದ, ನೋಡು."

ಹೇಳುತ್ತ ಹೇಳುತ್ತಲೇ ಅವಳ ಬಾಯಿಯ ನಡುಕ ನಿಂತಿತು. ಯಾರೂ ಅವಳನ್ನು ಸಮಾಧಾನ ಮಾಡಿರಲಿಲ್ಲ. ಅಷ್ಟು ದೊಡ್ಡ ಸಿಟ್ಟನ್ನು ಬರೀ ತಲೆ ಓಡಿಸಿ ಇಳಿಸಬಹುದೇ ಎಂದು ನಾನು ಬೆರಗಾಗಿ ಅವಳನ್ನೇ ನೋಡಿದೆ.

ಬದುವಿನಾಚೆ ಕುರಿಗಾರ ಸತ್ತ ಮರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಾಕಾ ಬಡಿಗೆ ಕೆಳಗಿಟ್ಟು ನೀರಿನ ತಂಬಿಗೆಯನ್ನು ಅವನ ಮುಂದೆ ಹಿಡಿದ.

ಈಗ ಮನೆಯ ಮುಂದೆ ನಿಂತ ನನ್ನ ಕೈಯಲ್ಲಿದ್ದ ಫೋನಿನಲ್ಲಿ, ನನ್ನ ಮಗಳ ಮದುವೆಗೆ ಬಾರದ ತಮ್ಮನಿಗೆ ಬೈದು ಬರೆದ ಸಾಲುಗಳು ಕಳಿಸದೆ ಇನ್ನೂ ಹಾಗೇ ಇದ್ದವು. ಅವನ್ನು ಅಳಿಸಿ ಫೋನ್ ಮಾಡಿದೆ.

"ಏನಾಗ್ಯಾದೋ, ತಮ್ಮಾ?"

ಆ ಕಡೆ ಅವನು ಅಳತೊಡಗಿದ.