ಮಾಡದ ಪಾಪ ಒಪ್ಪಿಕೊಂಡದ್ದು

ನನಗೆ ಮೊದಲ ಸಲ ಫಿಟ್ಸ್ ಬಂದದ್ದು ಒಂಬತ್ತನೇ ತರಗತಿಯಲ್ಲಿ, ಬೆಳಗಿನ ಪ್ರಾರ್ಥನೆಗೆ ಸಾಲು ನಿಂತಿದ್ದಾಗ. ಎಚ್ಚರವಾದಾಗ ಅಂಗೈಯಲ್ಲಿ ಯಾರದೋ ಬೀಗದ ಕೈಗೊಂಚಲಿತ್ತು, ಬಾಯಲ್ಲಿ ರಕ್ತದ ರುಚಿ. ಇಬ್ಬರು ಟೀಚರುಗಳು ಆಟೋದಲ್ಲಿ ಕೂರಿಸಿಕೊಂಡು ಮದ್ದೂರಿನ ನಮ್ಮ ಮನೆಗೆ ತಂದುಬಿಟ್ಟರು. ಅಮ್ಮ ಚಾಪೆ ಹಾಸಿ ಮಲಗಿಸಿ ಅಂಗಾಲು ತಿಕ್ಕುತ್ತಿದ್ದಳು. ಮಂಡ್ಯದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಅಪ್ಪ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ನನ್ನನ್ನು ಕೇಳಿದ.

"ಏನ್ ಮುಚ್ಚಿಟ್ಟಿದ್ದೀಯವ್ವ?"

ಅಪ್ಪ ಕ್ರೂರಿಯಲ್ಲ. ನಾನು ಹುಟ್ಟುವ ಮೊದಲು ಅವನು ವಿಪರೀತ ಕುಡಿಯುತ್ತಿದ್ದನಂತೆ. ಯಾರೋ ಕರೆದರೆಂದು ಕ್ರೈಸ್ತರ ಒಂದು ಪ್ರಾರ್ಥನಾ ಸಭೆಗೆ ಹೋಗಿ, ನಲವತ್ತು ಜನರೆದುರು ಮಂಡಿಯೂರಿ ತನ್ನ ಪಾಪಗಳನ್ನೆಲ್ಲ ಹೇಳಿ ಅತ್ತ. ಅವತ್ತಿನಿಂದ ಕುಡಿಯಲಿಲ್ಲ. ಅಮ್ಮನೂ ಅವನ ಹಿಂದೆ ದೀಕ್ಷಾಸ್ನಾನ ತೆಗೆದುಕೊಂಡಳು. ನನಗೆ ಬುದ್ಧಿ ಬರುವ ಹೊತ್ತಿಗೆ ಅಪ್ಪ ಅದೇ ಸಭೆಯ ಹಿರಿಯನಾಗಿದ್ದ. ಒಪ್ಪಿಕೊಂಡವನನ್ನು ದೇವರು ಶುದ್ಧ ಮಾಡುತ್ತಾನೆ, ಶುದ್ಧನಾದವನಿಗೆ ರೋಗವಿಲ್ಲ, ಮಾತ್ರೆ ನುಂಗುವವನು ದೇವರನ್ನು ನಂಬದವನು. ಇದು ಅವನ ಬೋಧನೆ. ತನ್ನ ಮೈಮೇಲೆ ಆದದ್ದನ್ನೇ ಅವನು ಎಲ್ಲರಿಗೂ ಹೇಳುತ್ತಿದ್ದ.

ಹಾಗಾಗಿ ಪ್ರತಿ ಭಾನುವಾರ ನನ್ನನ್ನು ಮುಂದೆ ಕರೆಯುತ್ತಿದ್ದರು. ತಗಡಿನ ಸೂರಿನ ಪ್ರಾರ್ಥನಾ ಹಾಲು. ನಾನು ಮಂಡಿಯೂರಿದರೆ ತಲೆಯ ಮೇಲೆ ನಾಲ್ಕೈದು ಕೈಗಳು. "ಒಪ್ಕೊಬುಡು ಮಗ, ಅಗುರಾಯ್ತದೆ." ನಾನು ಹುಡುಕಿ ಹುಡುಕಿ ಹೇಳಿದೆ. ಗಣಿತದ ಟೆಸ್ಟಿನಲ್ಲಿ ಪಕ್ಕದವಳದು ನೋಡಿ ಬರೆದಿದ್ದೆ. ಅಮ್ಮನಿಗೆ ಎದುರು ಮಾತಾಡಿದ್ದೆ. ಮತ್ತೆ ಫಿಟ್ಸ್ ಬಂತು. ಅಂದರೆ ಇನ್ನೂ ಆಳದಲ್ಲಿ ಏನೋ ಇದೆ ಎಂದಾಯಿತು.

ಹದಿನೈದು ತುಂಬಿದ ಮೇಲೆ ಒಂದು ಭಾನುವಾರ. ಏಪ್ರಿಲ್ ಬಿಸಿಲು, ಕರೆಂಟು ಹೋಗಿತ್ತು. ಮಂಡಿ ಉರಿಯುತ್ತಿತ್ತು. ಹಿಂದೆ ಮಕ್ಕಳು ಹಸಿದು ಅಳುತ್ತಿದ್ದವು, ನಾನು ಬಾಯಿ ಬಿಡುವ ತನಕ ಯಾರೂ ಏಳುವಂತಿರಲಿಲ್ಲ. ಹೇಳುವುದಕ್ಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಆಗ ಒಂದನ್ನು ಕಟ್ಟಿದೆ.

"ಮೊನ್ನೆ ಹೋದಾಗ ಅಜ್ಜಿ ಮನೇಲಿ ಪ್ರಸಾದ ತಿಂದೆ. ದೇವ್ರಿಗೆ ಕೈಮುಗ್ದು ತಿಂದೆ."

ಸಭೆಯ ತುಂಬ ನಿಟ್ಟುಸಿರು. ಸಭೆಯ ಒಬ್ಬ ಅಕ್ಕ ಓಡಿಬಂದು ತಬ್ಬಿಕೊಂಡಳು. ಅಪ್ಪ ಅಳುತ್ತಿದ್ದ. ಆಮೇಲೆ ಐದು ವಾರ ಫಿಟ್ಸ್ ಬರಲಿಲ್ಲ. ಯಾರಿಗೂ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಅಜ್ಜಿ ಎಂದರೆ ಅಮ್ಮನ ತಾಯಿ. ಚಿಕ್ಕರಸಿನಕೆರೆಯ ಆಚೆ ಒಂದು ಹಳ್ಳಿಯಲ್ಲಿ ಮಗನ ಜೊತೆಗಿದ್ದಳು. ಸಭೆಗೆ ಬರಲಿಲ್ಲ, ನಮ್ಮನ್ನು ಬೈಯಲೂ ಇಲ್ಲ. ಆ ಭಾನುವಾರ ಊಟ ಮುಗಿದ ಮೇಲೆ ಅಪ್ಪ ಹೇಳಿದ, "ಇನ್ಮೇಲೆ ಆ ಮನೆ ವೊಸ್ಲು ತುಳಿಯಂಗಿಲ್ಲ. ಮಗಿನ ಜೀವ ದೊಡ್ದು." ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿ ಮತ್ತೆ ಅಕ್ಕಿ ಆರಿಸಿದಳು.

ಆರನೇ ವಾರ ಮತ್ತೆ ಫಿಟ್ಸ್ ಬಂತು. ಅಪ್ಪನ ಅಪ್ಪಣೆ ಮಾತ್ರ ಹಾಗೇ ಉಳಿಯಿತು.

ಒಂದು ಸಲ ಅಜ್ಜಿಯೇ ಬಂದಳು, ಸೆರಗಿನ ತುಂಬ ಅವರೆಕಾಯಿ ಕಟ್ಟಿಕೊಂಡು. ಅಪ್ಪ ಜಗಲಿಯ ಮೇಲೆ ಕುರ್ಚಿ ಹಾಕಿ ಮರ್ಯಾದೆಯಿಂದಲೇ ಕೂರಿಸಿದ, ಒಳಗೆ ಕರೆಯಲಿಲ್ಲ. "ನಾನೇನ್ ತೆಪ್ ಮಾಡ್ದೆ ಅಂತಾದ್ರೂ ಏಳ್ರಪ್ಪ," ಎಂದಳು ಅಜ್ಜಿ. ನಾನು ಬಾಗಿಲ ಹಿಂದೆ ನಿಂತಿದ್ದೆ. ನನ್ನ ಒಂದು ಮಾತು ಸಾಕಿತ್ತು. ಆದರೆ ದೇವರ ಸನ್ನಿಧಿಯಲ್ಲಿ ಸುಳ್ಳು ಹೇಳಿದ ಗಂಡ ಹೆಂಡತಿ ನಿಂತಲ್ಲೇ ಬಿದ್ದು ಸತ್ತ ಬೈಬಲಿನ ಕಥೆಯನ್ನು ಅಪ್ಪ ವರ್ಷಕ್ಕೆರಡು ಸಲ ಬೋಧಿಸುತ್ತಿದ್ದ. ಬಾಯಿ ಬಿಟ್ಟರೆ ನಾನೂ ಹಾಗೇ ಸಾಯುತ್ತೇನೆ ಎಂದು ನಿಜವಾಗಿ ನಂಬಿದ್ದೆ. ಅಜ್ಜಿ ಅವರೆಕಾಯಿಯನ್ನು ಜಗಲಿಯ ಮೇಲೆ ಸುರಿದು ಸೆರಗು ಕೊಡವಿ ಹೋದಳು.

ಕಾಲೇಜಿಗೆ ಮಂಡ್ಯಕ್ಕೆ ಹೋಗುತ್ತಿದ್ದಾಗ ಬಸ್‌ ಸ್ಟ್ಯಾಂಡಿನಲ್ಲಿ ಬಿದ್ದೆ. ಯಾರೋ ಆಸ್ಪತ್ರೆಗೆ ಸೇರಿಸಿದರು. ಅಲ್ಲಿನ ಡಾಕ್ಟರಮ್ಮ ಎಲ್ಲ ಕೇಳಿಕೊಂಡು ಹೇಳಿದರು, "ಇದು ಮೆದುಳಿನ ಕಾಯಿಲೆ ಕಣಮ್ಮ, ಮಾತ್ರೆಗೆ ನಿಲ್ಲುತ್ತೆ. ನೀನೇನೋ ಮಾಡಿದ್ದಕ್ಕೂ ಅಲ್ಲ, ಬಿಟ್ಟಿದ್ದಕ್ಕೂ ಅಲ್ಲ." ಮನೆಯಲ್ಲಿ ಹೇಳದೆ, ಕಾಲೇಜಿನ ನಲ್ಲಿಯ ಹತ್ತಿರ ನಿಂತು ದಿನಾ ಮಾತ್ರೆ ನುಂಗಿದೆ. ಫಿಟ್ಸ್ ನಿಂತಿತು. ಒಂದು ವರ್ಷ ಕಳೆದ ಮೇಲೆ ಅಪ್ಪ ಸಭೆಯಲ್ಲಿ ಎದ್ದು ನಿಂತು, ತನ್ನ ಮಗಳನ್ನು ದೇವರು ಗುಣಪಡಿಸಿದನೆಂದು ಸಾಕ್ಷಿ ಹೇಳಿದ. ಎಲ್ಲರೂ ಆಮೆನ್ ಎಂದರು. ನಾನೂ ಎಂದೆ.

ನನಗೆ ಇಪ್ಪತ್ತನಾಲ್ಕಾದಾಗ ಅಜ್ಜಿ ತೀರಿಕೊಂಡಳು. ಮಾವ ಬೆಳಿಗ್ಗೆ ಫೋನು ಮಾಡಿದ. ಅಪ್ಪ ಅಮ್ಮನಿಗೆ, "ಓಗ್ಬ್ಯಾಡ ಅನ್ನಾಕಿಲ್ಲ. ಆದ್ರೆ ಅಲ್ಲಿ ಪೂಜೆ, ಎಡೆ ಎಲ್ಲಾ ಇರ್ತದೆ. ನೀನೇ ಯೋಚ್ನೆ ಮಾಡು," ಎಂದ. ಅಮ್ಮ ಹೋಗಲಿಲ್ಲ. ಆ ದಿನ ಮನೆಯ ಪಾತ್ರೆಗಳನ್ನೆಲ್ಲ, ತೊಳೆದಿದ್ದನ್ನೂ ಸೇರಿಸಿ, ಹೊರಗೆ ಹಾಕಿಕೊಂಡು ಹುಣಸೆಹಣ್ಣಿನಲ್ಲಿ ಉಜ್ಜಿದಳು.

ಆಮೇಲೆ ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದೆ. ದಿನಾ ಬಸ್ಸಿನಲ್ಲಿ ಓಡಾಟ, ಭಾನುವಾರ ಸಭೆಯ ಮಕ್ಕಳಿಗೆ ಪಾಠ. ಒಂದು ವಾರ ಹುಟ್ಟುಕುರುಡನ ಪಾಠ ಬಂತು. ಯಾರ ಪಾಪಕ್ಕೆ ಇವನು ಕುರುಡನಾದ, ಇವನದಾ, ಹೆತ್ತವರದಾ ಎಂದು ಶಿಷ್ಯರು ಕೇಳುತ್ತಾರೆ. ಯೇಸು ಇಬ್ಬರದೂ ಅಲ್ಲ ಎನ್ನುತ್ತಾನೆ. ಎಷ್ಟೋ ಸಲ ಓದಿದ ಭಾಗವೇ. ಆ ಸಲ ಬಸ್ಸಿನಲ್ಲಿ ಕೂತು ಓದುವಾಗ ಡಾಕ್ಟರಮ್ಮನ ದನಿ ಕೇಳಿದಂತಾಯಿತು. ಮನೆಗೆ ಬಂದು, ಹಾಗಾದರೆ ರೋಗ ಪಾಪದಿಂದ ಬರುವುದಿಲ್ಲ ಅಲ್ಲವಾ ಎಂದು ಅಪ್ಪನನ್ನು ಕೇಳಿದೆ.

"ಅದು ಆ ಕುರುಡನ್ ಇಚಾರ ಕಣವ್ವ," ಎಂದ ಅಪ್ಪ. "ನಮಗ್ಯಾಕೆ ಅನ್ವಯ ಮಾಡ್ಕಂಡೀಯ?"

ಆ ವಾರ ನಾನು ಪಾಠ ಮಾಡಲಿಲ್ಲ. ಮಕ್ಕಳಿಗೆ ಹಾಡು ಹೇಳಿಕೊಟ್ಟು ಕಳಿಸಿದೆ.

ಹೋದ ವರ್ಷ, ಒಂದು ಶನಿವಾರ ಮಧ್ಯಾಹ್ನ. ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನಾನು ಮಾತ್ರೆ ಬಚ್ಚಿಡುತ್ತಿದ್ದದ್ದು ನನ್ನ ಹಳೆಯ ಪುಸ್ತಕಗಳ ಟ್ರಂಕಿನಲ್ಲಿ. ಅಮ್ಮ ನನ್ನತ್ತ ತಿರುಗದೆಯೇ ಹೇಳಿದಳು, "ನಿನ್ ಮಾತ್ರೆ ಮೂರೇ ಅವೆ. ಸ್ವಾಮಾರಕ್ಕೆ ಮುಗೀತವೆ, ತಂದ್ಕೊ."

"ಯಾವಾಗಿಂದ ಗೊತ್ತಮ್ಮ?"

"ಮೊದ್ಲಿಂದಾನೂವೆ."

ನಾನು ಅವಳ ಪಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಪ್ರಸಾದ ತಿಂದಿರಲಿಲ್ಲ, ಕೈಮುಗಿದಿರಲಿಲ್ಲ, ಮಂಡಿ ನೋಯುತ್ತಿತ್ತೆಂದು ಸುಳ್ಳು ಹೇಳಿದೆ. ಅಮ್ಮ ಯಂತ್ರ ನಿಲ್ಲಿಸಿದಳು.

"ಅದೂ ಗೊತ್ತು. ನಮ್ಮವ್ವನ ಮನೇಲಿ ಅವತ್ತೆಲ್ಲ ನೀನು ನನ್ ಮಗ್ಗುಲಲ್ಲೇ ಕುಂತಿದ್ದೆ. ಅವ್ವ ನಮಗೆ ಅಂತ ದೇವ್ರ ಎಡೆಗೆ ಇಡದಂಗೆ ಬ್ಯಾರೆ ಅಡ್ಗೆ ಮಾಡಿದ್ಲು. ನಿಮ್ ದ್ಯಾವ್ರು ಬ್ಯಾಸ್ರ ಮಾಡ್ಕಬಾರ್ದು ಅಂತ."

"ಮತ್ತೆ ಯಾಕೆ ಹೇಳಲಿಲ್ಲ? ನಿನ್ನ ತಾಯಿ ಅಲ್ವಾ?"

ಅಮ್ಮ ಸೂಜಿಯ ದಾರ ಕತ್ತರಿಸಿದಳು. "ಏಳಿದ್ರೆ ನಿನ್ನ ಮತ್ತೆ ಮುಂದುಕ್ ಕರ್ದು ಮಂಡಿ ಊರುಸ್ತಿದ್ರು. ಇನ್ನೊಂದು ಪಾಪ ಎಲ್ಲಿಂದ ತತ್ತಿದ್ದೆ ನೀನು?" ನಾನು ಅಳತೊಡಗಿದ್ದನ್ನು ನೋಡಿ, "ಬುಡು ಮಗ, ಆಯ್ತು," ಎಂದು ಮತ್ತೆ ಯಂತ್ರ ತುಳಿದಳು.

ಕೃಪೆ ಎಂಬ ಪದವನ್ನು ನಾನು ಸಾವಿರ ಸಲ ಹಾಡಿದ್ದೆ. ಅದಕ್ಕೆ ಮೊದಲು ನಾವು ಏನಾದರೂ ಕೊಡಬೇಕು, ಅತ್ತು, ಒಪ್ಪಿಕೊಂಡು, ಶುದ್ಧರಾಗಿ ನಿಲ್ಲಬೇಕು ಎಂದೇ ತಿಳಿದಿದ್ದೆ. ನಾನು ಸುಳ್ಳು ಹೇಳುತ್ತಿರುವಾಗಲೇ, ನನಗೆ ತಿಳಿಯದಂತೆಯೇ, ಅಮ್ಮ ನನ್ನನ್ನು ಕಾಪಾಡಿದ್ದಳು. ನನ್ನಿಂದ ಏನನ್ನೂ ಕೇಳಿರಲಿಲ್ಲ. ದೇವರು ಅಮ್ಮನಿಗಿಂತ ಕಡಿಮೆಯವನಾಗಿರಲಾರ ಎಂದು ಅವತ್ತು ಅನ್ನಿಸಿತು. ಇವತ್ತಿಗೂ ನನ್ನ ನಂಬಿಕೆಯೆಲ್ಲ ಅಷ್ಟೇ.

ಮರುದಿನ ಅಪ್ಪನಿಗೂ ಹೇಳಿದೆ, ಮಾತ್ರೆಯ ವಿಷಯವನ್ನೂ. ಅವನು ಗೋಡೆ ಹಿಡಿದು ಕೂತ. ಆಮೇಲೆ, "ಸಭೆ ಮುಂದೆ ಒಪ್ಕೊ," ಎಂದ.

"ಇಲ್ಲಪ್ಪ. ಇನ್ನು ಅಲ್ಲಿ ಮಂಡಿ ಊರಲ್ಲ."

ಅವತ್ತಿನಿಂದ ಸಭೆಯಲ್ಲಿ ಕರ್ತನ ಭೋಜನದ ರೊಟ್ಟಿಯ ತಟ್ಟೆ ನನ್ನ ಮುಂದೆ ನಿಲ್ಲದೆ ಹೋಗುತ್ತದೆ. ನಾನು ಸಭೆ ಬಿಟ್ಟರೆ ಅಪ್ಪನ ಹಿರಿತನ ಹೋಗುತ್ತದೆ, ಅವನಿಗೆ ಬೇರೆ ಬದುಕಿಲ್ಲ. ಹಾಗಾಗಿ ಹೋಗಿ ಕೂರುತ್ತೇನೆ. ತಿಂಗಳಿಗೊಂದು ಸಲ ಮಾತ್ರ ಮಂಡ್ಯದ ಒಂದು ಸಣ್ಣ ಚರ್ಚಿಗೆ ಹೋಗುತ್ತೇನೆ. ಮೊದಲ ಸಲ ಹೋದಾಗ, ಯಾವಾಗ ಮುಂದೆ ಕರೆಯುತ್ತಾರೋ ಎಂದು ಚೀಲವನ್ನು ಅವುಚಿಕೊಂಡು ಬಾಗಿಲ ಬಳಿಯೇ ಕೂತಿದ್ದೆ. ಯಾರೂ ಕರೆಯಲಿಲ್ಲ. ಈಗಲೂ ಬಾಗಿಲ ಬಳಿಯೇ ಕೂರುತ್ತೇನೆ.

ಈ ಜನವರಿಯಲ್ಲಿ ಅಮ್ಮನೂ ನಾನೂ ಅಜ್ಜಿಯನ್ನು ಮಣ್ಣು ಮಾಡಿದ ಹೊಲಕ್ಕೆ ಹೋಗಿಬಂದೆವು. ಹೊರಡುವಾಗ ಅಪ್ಪ ತಡೆಯಲಿಲ್ಲ, ಬರಲೂ ಇಲ್ಲ. ಸಂಜೆ ಬಂದಾಗ ಜಗಲಿಯಲ್ಲಿದ್ದ.

"ಎಲ್ಲಾರೂ ಚೆಂದಾಗವ್ರಾ?"

"ಅವ್ರೆ," ಎಂದಳು ಅಮ್ಮ.

ಅಪ್ಪ ಎದ್ದು ಚಪ್ಪಲಿ ಮೆಟ್ಟಿದ. ಆಮೇಲೆ ಸಭೆಯ ಹಾಲಿನ ಬೀಗ ತೆಗೆಯಲು ಹೋದ. ಆ ಭಾನುವಾರವೂ, ಶುದ್ಧನಾದವನಿಗೆ ರೋಗವಿಲ್ಲ ಎಂಬ ಅದೇ ಬೋಧನೆ ಮಾಡಿದ. ನಾನು ಮೂರನೇ ಸಾಲಿನಲ್ಲಿ ಅಮ್ಮನ ಪಕ್ಕ ಕೂತು ಕೇಳಿದೆ.