ಸೊಂಟದಲ್ಲಿದ್ದ ಕೀಲಿ

ಇಂಗ್ಲೆಂಡಿನ ಪಂಪು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿದ ದಿನ ನನಗೆ ಮೊದಲು ಕೊಟ್ಟದ್ದು ಸ್ಪ್ಯಾನರ್ ಅಲ್ಲ, ಒಂದು ಕೆಂಪು ಬೀಗ. ಅದಕ್ಕೊಂದು ಚೀಟಿ, ಚೀಟಿಯ ಮೇಲೆ ನನ್ನ ಫೋಟೊ. ನರ್ಸ್ ಕೆಲಸದ ಗಂಡನ ಹಿಂದೆ ಆ ದೇಶಕ್ಕೆ ಹೋದವಳು ನಾನು. ಹಾಸನದಲ್ಲಿ ಓದಿದ್ದ ಡಿಪ್ಲೊಮಾ ಅಲ್ಲಿ ನಡೆಯಲಿಲ್ಲ. ಮೂವತ್ತು ದಾಟಿದ ಮೇಲೆ, ಮೀಸೆ ಚಿಗುರದ ಹುಡುಗರ ಸಾಲಿನಲ್ಲಿ ನಿಂತು ಮತ್ತೆ ಅಆಇಈಯಿಂದ ಶುರುಮಾಡಿದೆ. ನೆಲ ಗುಡಿಸಿದೆ, ಅವರಿಗೆ ಟೀ ಕಾಸಿಕೊಟ್ಟೆ.

ಬೀಗದ ಶಾಸ್ತ್ರ ಮಾತ್ರ ಎಲ್ಲರಿಗೂ ಒಂದೇ. ಯಂತ್ರಕ್ಕೆ ಕೈಹಾಕುವ ಮುಂಚೆ ಮೇನ್ ಸ್ವಿಚ್ ಆರಿಸಿ ನಿನ್ನ ಬೀಗ ಜಡಿ. ಕೀಲಿ ನಿನ್ನ ಮೈಮೇಲೇ ಇರಲಿ. ಬೀಗ ಇದೆ ಅಂದರೆ ನಿನ್ನ ಕೈ ಒಳಗಿದೆ ಅಂತ. ಹಾಕಿದವರೇ ಬಂದು ತೆಗೆಯಬೇಕು. ನನ್ನ ಹೆಸರು ಅಲ್ಲಿ ಯಾರ ನಾಲಗೆಗೂ ಹೊರಳುತ್ತಿರಲಿಲ್ಲ, ಆದರೆ ನನ್ನ ಬೀಗವನ್ನು ಒಬ್ಬರೂ ಮುಟ್ಟುತ್ತಿರಲಿಲ್ಲ. ಆ ಪರದೇಶದಲ್ಲಿ ನನ್ನ ಮರ್ಯಾದೆ ಅಂತ ಇದ್ದದ್ದು ಅದೊಂದೇ.

ಅಪ್ರೆಂಟಿಸ್ ಮುಗಿದು ಇಂಜಿನಿಯರ್ ಆದ ಮೇಲೆ, ಹೋದ ಬೇಸಿಗೆಯಲ್ಲಿ ರಜೆಗೆ ಬಂದಾಗ ಆ ಬೀಗವನ್ನೂ ಬ್ಯಾಗಿನಲ್ಲಿಟ್ಟುಕೊಂಡು ಬಂದೆ. ತೋರಿಸಿಕೊಳ್ಳಬೇಕಲ್ಲ!

ಮಲ್ಲಿಪಟ್ಟಣದ ಹತ್ತಿರ ನನ್ನ ಸೋದರಮಾವನ ಮನೆ. ಚಿಕ್ಕಂದಿನಲ್ಲಿ ಮೋಟರು ಬಿಚ್ಚುವಾಗ ನನ್ನ ಕೈಗೆ ಬ್ಯಾಟರಿ ಕೊಟ್ಟು ನಿಲ್ಲಿಸಿಕೊಂಡವನು ಅವನೇ. ಅಂಗಳದಲ್ಲಿ ಹೊಗೆಸೊಪ್ಪಿನ ಸಸಿಗಳು ತಟ್ಟೆತಟ್ಟೆಯಾಗಿ ಕೂತಿದ್ದವು, ಇನ್ನೇನು ಹೊಲಕ್ಕೆ ನೆಡಬೇಕು. ಉರಿಬಿಸಿಲು. ಬೋರಿನ ಮೋಟರು ಆನ್ ಮಾಡಿದರೆ ಸ್ಟಾರ್ಟರ್ ಹಿಡಿಯುತ್ತಿರಲಿಲ್ಲ. ತ್ರೀಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ ಬರುತ್ತದೆ. ಅವತ್ತು ಮಧ್ಯಾಹ್ನಕ್ಕೆ ಮುಂಚೆ ಬರುವುದಿತ್ತು.

ಬೆಳಿಗ್ಗೆಯೇ ನಾನು ಮೋಟರ್ ಶೆಡ್ಡಿನ ಮೇನ್ ಸ್ವಿಚ್ಚಿಗೆ ಕೆಂಪು ಬೀಗ ಜಡಿದೆ. ಸುತ್ತ ನಾಲ್ಕು ಜನ ಸೇರಿದರು. ಕೇಳಬೇಕೆ? ಶಾಸ್ತ್ರವನ್ನೆಲ್ಲ ಒಪ್ಪಿಸಿದೆ.

"ಮ್ಯಾನೇಜರ್ ಫೋನ್ ಮಾಡಿ ಒಡೀರಿ ಅಂದರೂ ಒಡೆಯೋ ಹಾಗಿಲ್ಲ ಮಾವ. ಬೀಗ ಹಾಕಿದವಳೇ ಫೋನಿನಲ್ಲಿ ಹೇಳಿದರೂ ಒಡೆಯೋ ಹಾಗಿಲ್ಲ."

"ಅಬ್ಬಾ! ಅದು ಇಂಜಿನಿಯರಿಕೆ ಕಣ್ಲಾ," ಎಂದ ಮಾವ, ಪಕ್ಕದ ಮನೆಯವನ ಕಡೆ ತಿರುಗಿ.

ಸ್ಟಾರ್ಟರಿನೊಳಗೆ ಒಂದು ತಂತಿ ಸಡಿಲವಾಗಿತ್ತು. ಬಿಗಿ ಮಾಡಿದೆ, ಡಬ್ಬಿ ಮುಚ್ಚಿದೆ. ಅಷ್ಟರಲ್ಲಿ ಅತ್ತೆ ಕೂಗಿದಳು, "ಬಸ್ಸು ಬತ್ತಾ ಅದೆ, ಓಗವ್ವಾ!" ಅವತ್ತು ಚನ್ನರಾಯಪಟ್ಟಣದ ದೊಡ್ಡಮ್ಮನ ಮನೆಯಲ್ಲಿ ನನಗೆ ಮಡಿಲು ತುಂಬುವುದಿತ್ತು. ರೇಷ್ಮೆ ಸೀರೆ ಸುತ್ತಿಕೊಂಡು, ಕೀಲಿಯನ್ನು ಅಜ್ಜಿ ಉಗ್ರಾಣದ ಕೀಲಿ ಸಿಕ್ಕಿಸುತ್ತಿದ್ದ ಹಾಗೆ ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಬೀಗ ಅಲ್ಲೇ ಉಳಿಯಿತು. ಚಾರ್ಜಿಗೆ ಹಾಕಿದ್ದ ಫೋನೂ ಉಳಿಯಿತು.

ದೊಡ್ಡಮ್ಮನ ಮನೆಯಲ್ಲಿ ಎಲೆ ಮುಂದೆ ಕೂತಿದ್ದೆ. ನಮ್ಮ ಇಂಜಿನಿಯರ್ ಮಗಳು ಎಂದು ನೆಂಟರಿಗೆಲ್ಲ ತೋರಿಸುತ್ತ ದೊಡ್ಡಮ್ಮ ಹೋಳಿಗೆ ಬಡಿಸುವಾಗ ಅವಳ ಫೋನು ಹೊಡೆದುಕೊಂಡಿತು. ಮಾವ.

"ಕರೆಂಟು ಬಂದು ಭಾಳಾ ಒತ್ತಾಯ್ತು ಕಣವ್ವಾ. ಬೀಗ ಅಂಗೇ ಅದೆ."

ಕೈ ಸೊಂಟಕ್ಕೆ ಹೋಯಿತು. ಕೀಲಿ ಇತ್ತು.

"ಕಲ್ಲು ತಗೊಂಡು ಒಡೆದುಬಿಡು ಮಾವ!"

"ಫೋನ್ನಾಗೆ ಯೋಳುದ್ರೂ ಒಡೀಬಾರ್ದು ಅಂತ ಬೆಳಿಗ್ಗೆ ನೀನೇ ಯೋಳ್ಲಿಲ್ವಾ? ನೀನೇ ಬಂದು ತಗಿ. ಉಂಡ್ಕೊಂಡು ನಿಧಾನಕ್ಕೆ ಬಾ."

ಅವನ ದನಿಯಲ್ಲಿ ಕುಹಕದ ಎಳೆಯೂ ಇರಲಿಲ್ಲ. ಇದ್ದಿದ್ದರೆ ಹೋಳಿಗೆಯನ್ನಾದರೂ ಮುಗಿಸಿ ಏಳುತ್ತಿದ್ದೆನೇನೋ.

ಹೊಳೆನರಸೀಪುರದಲ್ಲಿ ಬಸ್ಸಿಳಿದು ಅರಕಲಗೂಡಿನ ಬಸ್ಸಿಗೆ ಕಾದೆ. ತೆಂಗಿನಕಾಯಿ, ಕುಪ್ಪಸದ ಕಣದ ಚೀಲ ಹಿಡಿದು ರೇಷ್ಮೆ ಸೀರೆಯಲ್ಲಿ ಬೆವರುತ್ತಿದ್ದವಳನ್ನು ಕಂಡು ಕಂಡಕ್ಟರ್, "ಏನ್ ಮೇಡಂ, ಧಾರೆ ಮಂಟಪ್ದಿಂದ್ಲೇ ಎದ್ದು ಓಡ್ ಬಂದಂಗದೆ?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಕಿಟಕಿಯಾಚೆ ನೋಡಿದೆ. ಬಸ್ಸು ಕುಲುಕಿದಾಗಲೆಲ್ಲ ಕೀಲಿ ಚುಚ್ಚುತ್ತಿತ್ತು.

ತಲುಪುವ ಹೊತ್ತಿಗೆ ಕರೆಂಟು ಬಂದದ್ದೂ ಆಗಿತ್ತು, ಹೋದದ್ದೂ ಆಗಿತ್ತು. ಅತ್ತೆ ಮತ್ತು ಪಕ್ಕದ ಮನೆಯ ಹೆಂಗಸರು ಕೆರೆಯಿಂದ ಕೊಡ ಹೊತ್ತು ತಂದು ಸಸಿಗಳಿಗೆ ಚಿಮುಕಿಸುತ್ತಿದ್ದರು. ಅಂಚಿನ ತಟ್ಟೆಗಳ ಸಸಿಗಳು ಆಗಲೇ ತಲೆ ಚೆಲ್ಲಿದ್ದವು.

"ಬಂದ್ಲು ನೋಡ್ರವ್ವಾ ಇಂಜಿನಿಯರಮ್ಮ! ಯೋಳಾದು ಆಚಾರ, ತಿನ್ನಾದು ಬದ್ನೆಕಾಯಿ," ಎಂದಳು ಅತ್ತೆ.

ಮಾವ ಮೋಟರ್ ಶೆಡ್ಡಿನ ಬಾಗಿಲಿಗೆ ಅಡ್ಡವಾಗಿ ಕೂತಿದ್ದ. ಪಕ್ಕದ ಮನೆಯವನ ಕೈಯಲ್ಲಿ ಹಾರೆ.

"ನೋಡವ್ವಾ, ಒಡೀತೀನಿ ಬುಡಣ್ಣಾ ಅಂದ್ರೆ ನಿಮ್ಮಾವ ಬುಡ್ಲಿಲ್ಲ. ಒಳ್ಗೆ ಅವ್ಳ ಕೈ ಅದೆ ಕಣ್ಲಾ ಅಂತಾನೆ. ಕೈ ಚನ್ರಾಯಪಟ್ಣದಾಗೆ ಕೋಸಂಬ್ರಿ ತಿಂತಾ ಅದೆ ಕಣಣ್ಣಾ ಅಂದ್ರೂ ಕೇಳ್ನಿಲ್ಲ!"

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಎದ್ದು ದಾರಿ ಬಿಟ್ಟ. ನನ್ನ ಫೋಟೊ ಬೀಗದ ಮೇಲೆ ನಗುತ್ತ ನೇತಾಡುತ್ತಿತ್ತು. ಅದರ ಮುಖವನ್ನು ಗೋಡೆಗೆ ತಿರುಗಿಸಿಕೊಂಡು ಬೀಗ ತೆಗೆದೆ.

"ತಪ್ಪಾಯ್ತು ಮಾವ."

"ನಿನ್ ಕೈಗೆ ಏನೂ ಆಗ್ಲಿಲ್ವಲ್ಲ, ಬುಡು."

ಬೈದಿದ್ದರೆ ಸಾಕಿತ್ತು. ಸೀರೆ ಎತ್ತಿಕಟ್ಟಿ ಕೊಡ ಹೊತ್ತೆ. ಮಾರನೆಯ ದಿನ ಕರೆಂಟು ಬಂತು, ಮೋಟರು ಚೆನ್ನಾಗಿಯೇ ಓಡಿತು. ಅಂಚಿನ ಸಸಿಗಳು ಮಾತ್ರ ಏಳಲಿಲ್ಲ. ಹೊಲದ ಮೇಲಿನ ಪಟ್ಟಿಗೆ ಸಸಿ ಸಾಲದೆ ಮಾವ ಅಲ್ಲಿ ಮುಸುಕಿನ ಜೋಳ ಹಾಕಿದ. ಮಳೆಗಾಲದಲ್ಲಿ ಫೋಟೊ ಕಳಿಸಿದ್ದ: ಅಗಲೆಲೆಯ ಹೊಗೆಸೊಪ್ಪು, ಮೇಲೊಂದು ಕಡೆ ಉದ್ದಕ್ಕೆ ನಿಂತ ಜೋಳ. 'ಜೋಳ ಚೆಂದಾಗ್ ಬಂದದೆ' ಎಂದು ಬರೆದಿದ್ದ. ಆ ಪಟ್ಟಿಯನ್ನು ದೊಡ್ಡದು ಮಾಡಿ ನೋಡುವ ಧೈರ್ಯ ನನಗಾಗಲಿಲ್ಲ.

ಈಗ ಕಾರ್ಖಾನೆಗೆ ಹೊಸದಾಗಿ ಸೇರುವವರಿಗೆ ಕೆಂಪು ಬೀಗ ಕೊಡುವುದು ನನ್ನ ಕೆಲಸ. ಮೊನ್ನೆ ನನ್ನ ಹಾಗೆಯೇ ಹೊರದೇಶದಿಂದ ಬಂದ ಹೆಂಗಸೊಬ್ಬಳು, ಇದನ್ನೆಲ್ಲ ನಿಜವಾಗಿ ಪಾಲಿಸಿದವರನ್ನು ಕಂಡಿದ್ದೀರಾ ಎಂದು ಕೇಳಿದಳು.

ಒಬ್ಬರನ್ನು ಕಂಡಿದ್ದೇನೆ ಎಂದೆ. ಯಾವ ಕಾರ್ಖಾನೆಯಲ್ಲಿ ಎಂದಳು. ನಾನು ಬೀಗಗಳ ಪೆಟ್ಟಿಗೆಯಲ್ಲಿ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದೆ.